ತಿಳಿದ ಮೇಲಿನ ವ್ಯಾಪಾರ

ವಿಶ್ವಸಂಸ್ಥೆಯು 2015ರ ಸೆಪ್ಟೆಂಬರಿನಲ್ಲಿ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಅಂಗೀಕರಿಸಿ, ಅವುಗಳ ಸಾಧನೆಗೆ 2030ರ ಗಡುವನ್ನು ಗೊತ್ತುಪಡಿಸಿತು. ಬಡತನ, ಆರೋಗ್ಯ, ನೀರು, ಹವಾಮಾನ ಮುಂತಾದವುಗಳಿಗೆ ಸಂಬಂಧಿಸಿದ ಈ ಗುರಿಗಳು ಸರ್ಕಾರಗಳಿಂದಲೇ ಈಡೇರುವಂಥವಲ್ಲ, ವಾಣಿಜ್ಯ ವರ್ಗವೂ ಹೆಗಲು ಕೊಡಬೇಕೆಂಬ ಮಾತು ಅಂದಿನಿಂದ ಕೇಳಿಬರುತ್ತಿದೆ. ಆದರೆ ವರ್ತಕನ ಪಾಲು ಯಾವುದು? ಗಳಿಸಿದ್ದರಲ್ಲಿ ಒಂದಂಶವನ್ನು ಶಾಲೆಗೋ ಆಸ್ಪತ್ರೆಗೋ ಕೊಟ್ಟರೆ ಅವನ ಋಣ ತೀರಿತೇ? ಇಪ್ಪತ್ತನೆಯ ಶತಮಾನದ ಎರಡು ಸರಕುಗಳ ಚರಿತ್ರೆಯನ್ನು ಅವಲೋಕಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅವೆರಡೂ ಒಬ್ಬನೇ ವ್ಯಕ್ತಿಯ ಶೋಧನೆಗಳೆಂಬುದು ಗಮನಾರ್ಹ.

ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿದ್ದ ಥಾಮಸ್ ಮಿಜ್ಲಿ ಎಂಬಾತನು, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುವುದೆಂದು 1921ರಲ್ಲಿ ಕಂಡುಹಿಡಿದನು. ಮದ್ಯಸಾರವನ್ನು ಬೆರೆಸಿದರೂ ಬಡಿತ ತಗ್ಗುವುದೆಂದು ಆತನಿಗೆ ತಿಳಿದಿತ್ತು. ಸೀಸವು ವಿಷವೆಂಬುದೂ ಜಗತ್ತಿಗೆ ಹೊಸ ಸಂಗತಿಯಾಗಿರಲಿಲ್ಲ. ಆದರೂ 1923ರಲ್ಲಿ ಸೀಸಯುಕ್ತ ಪೆಟ್ರೋಲು ಮಾರಾಟಕ್ಕೆ ಬಂದಿತು. ಅದಕ್ಕಿಟ್ಟ ‘ಎಥಿಲ್’ ಎಂಬ ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಸ್ಥಾವರದಲ್ಲಿ ಐವರು ಕಾರ್ಮಿಕರು ಈ ವಿಷಕ್ಕೆ ಬಲಿಯಾದರು. ಅದೇ ತಿಂಗಳು ಮಿಜ್ಲಿಯು ಪತ್ರಕರ್ತರ ಮುಂದೆ ಆ ದ್ರವವನ್ನು ಕೈಗೆ ಸುರಿದುಕೊಂಡು, ಇದರಿಂದ ಭಯವಿಲ್ಲವೆಂದು ತೋರಿಸಿದನು. ಹಿಂದಿನ ವರ್ಷ ಸೀಸದ ಬಾಧೆಯಿಂದಲೇ ಆತನು ಕೆಲಸ ಬಿಟ್ಟು ವಿಶ್ರಾಂತಿಗೆ ತೆರಳಿದ್ದನು! 1925ರಲ್ಲಿ ಸ್ಥಗಿತಗೊಂಡ ಮಾರಾಟ ಮರುವರ್ಷವೇ ಪುನರಾರಂಭವಾಯಿತು. ‘ಹಾನಿಯನ್ನು ಮೊದಲು ನೀವು ಸಿದ್ಧಪಡಿಸಿ, ಆಮೇಲೆ ನಾವು ನಿಲ್ಲಿಸುತ್ತೇವೆ’ ಎಂಬುದು ಉದ್ಯಮದ ನಿಲುವಾಯಿತು. ಭೂಮಿಯ ವಯಸ್ಸನ್ನು ನಿಖರವಾಗಿ ಗಣಿಸಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ಗಾಳಿ ನೀರುಗಳಲ್ಲಿ ಸೀಸ ಹಬ್ಬಿರುವುದನ್ನು 1965ರಲ್ಲಿ ಪ್ರಕಟಿಸಿದಾಗ ತೈಲೋದ್ಯಮದ ಧನಸಹಾಯವನ್ನು ಕಳೆದುಕೊಳ್ಳಬೇಕಾಯಿತು. ನಮ್ಮ ದೇಶ 2000ದಲ್ಲಿ ಸೀಸಯುಕ್ತ ಪೆಟ್ರೋಲನ್ನು ತ್ಯಜಿಸಿತು. ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ಮೊದಲ ಮಾರಾಟದಿಂದ ಅಲ್ಲಿಗೆ 98 ವರ್ಷಗಳು ಸಂದಿದ್ದವು.

ಎರಡನೆಯ ಸರಕಿನ ಕಥೆ ಭಿನ್ನವಾದುದು. ಆಗಿನ ಶೀತಕ ಪೆಟ್ಟಿಗೆಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಮೊದಲಾದ ವಿಷಾನಿಲಗಳನ್ನು ಬಳಸುತ್ತಿದ್ದರು. ಅವು ಸೋರಿದರೆ ಅಪಾಯವಿತ್ತು. ಮಿಜ್ಲಿ ಮತ್ತು ಸಂಗಡಿಗರು ಅವುಗಳಿಗೆ ಬದಲಾಗಿ ವಿಷವಲ್ಲದ, ಉರಿಯದ ಸಿ.ಎಫ್.ಸಿ. ಅನಿಲವನ್ನು ರೂಪಿಸಿದರು. ಇಲ್ಲಿ ಉದ್ದೇಶವೂ ಒಳ್ಳೆಯದು, ಅಂದಿನ ಅರಿವಿನಲ್ಲಿ ದೋಷವೂ ಕಾಣದು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ಈ ಅನಿಲವು ಮೇಲೇರಿ ಓಜೋನ್ ಪದರವನ್ನು ಕೊರೆಯಬಲ್ಲದೆಂದು ಎಚ್ಚರಿಸಿದರು. ಪ್ರಮುಖ ತಯಾರಕರಾದ ಡ್ಯೂಪಾಂಟ್ ಸಂಸ್ಥೆಯವರು ಹಾನಿ ಸಿದ್ಧವಾದರೆ ತಯಾರಿಕೆ ನಿಲ್ಲಿಸುವುದಾಗಿ ಹೇಳಿದರಾದರೂ ಹತ್ತಾರು ವರ್ಷ ನಿಯಂತ್ರಣವನ್ನು ವಿರೋಧಿಸುತ್ತಲೇ ಬಂದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಜೋನ್ ಕ್ಷಯ ಬಯಲಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ರೂಪುಗೊಂಡಿತು. ಮರುವರ್ಷ ಡ್ಯೂಪಾಂಟ್ ತನ್ನ ತಯಾರಿಕೆಯನ್ನು ಕ್ರಮೇಣ ನಿಲ್ಲಿಸುವುದಾಗಿ ಘೋಷಿಸಿತು. ಬದಲಿ ಅನಿಲಗಳಿಂದ ಲಾಭದ ನಿರೀಕ್ಷೆಯೂ ಇದ್ದಿತೆಂಬುದು ನಿಜ. ಆ ಬದಲಿಗಳು ಭೂಮಿಯ ತಾಪವನ್ನು ಹೆಚ್ಚಿಸುವುದರಿಂದ 2016ರಲ್ಲಿ ಕಿಗಾಲಿಯಲ್ಲಿ ಮತ್ತೆ ತಿದ್ದುಪಡಿ ಬೇಕಾಯಿತೆಂಬುದೂ ನಿಜ. ಆದರೂ ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕದ ಮೇಲೆ ಅದು 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳೀತೆಂದು ತಜ್ಞರ ಅಂದಾಜು.

ಈ ಎರಡು ಚರಿತ್ರೆಗಳಿಂದ ವರ್ತಕನ ಪಾಲು ಏನೆಂಬುದು ಸ್ಪಷ್ಟವಾಗುತ್ತದೆ. ಕೆಡುಕು ತಿಳಿದ ದಿನಕ್ಕೂ ಸರಕು ನಿಂತ ದಿನಕ್ಕೂ ನಡುವಿನ ಕಾಲವೇ ಅವನ ಧರ್ಮಪರೀಕ್ಷೆಯ ಕಾಲ. ನಮ್ಮಲ್ಲಿ ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವ ಪದ್ಧತಿಯಿದೆ. ಜೀವನೋಪಾಯದಲ್ಲಿ ತಪ್ಪಿಸಲಾಗದೆ ಸಂಭವಿಸುವುದು ಉದ್ಯೋಗೀ ಹಿಂಸೆ. ವ್ಯಾಪಾರಿಗಳಾದ ನಾವು ಬಹುಬೇಗನೆ ಈ ಹೆಸರಿನ ಆಶ್ರಯ ಪಡೆಯುತ್ತೇವೆ. ಆದರೆ ಹಾನಿಯನ್ನು ಅರಿತು, ಬೇರೆ ದಾರಿಯಿದ್ದೂ ಅದನ್ನೇ ಮುಂದುವರಿಸಿದರೆ ಅದನ್ನು ಉದ್ಯೋಗೀ ಹಿಂಸೆಯೆಂದು ಕರೆಯುವುದು ಹೇಗೆ? ಅದು ಸಂಕಲ್ಪದ ಗಡಿಯನ್ನು ದಾಟಿದಂತೆಯೇ ಸರಿ.

ಪರರನ್ನು ದೂಷಿಸುವ ಮುನ್ನ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ನಾನು ಹಾರ್ಡ್‌ವೇರ್ ಮತ್ತು ಬಣ್ಣದ ಅಂಗಡಿ ಇಟ್ಟವನು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷಬಾಧೆಯನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ, ಬಣ್ಣಗಳಲ್ಲಿಯೂ ಸೀಸವಿದೆ, ಅದು ಮಕ್ಕಳ ಬುದ್ಧಿಯನ್ನು ಕುಂದಿಸುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ. ಓದಿ ಪತ್ರಿಕೆಯನ್ನು ಮಡಿಸಿಟ್ಟೆ. ತೊಟ್ಟಿಲಿಗೆ ಬಳಿಯಲು ಕೆಂಪು, ಹಳದಿ ಬಣ್ಣ ಕೇಳಿದವರಿಗೂ ಅಗ್ಗದ ಡಬ್ಬಿಗಳನ್ನೇ ಕೊಟ್ಟೆ. ಒಳಗೇನಿದೆಯೆಂದು ತಯಾರಕರಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಅಂಶಗಳನ್ನು ಮೀರಬಾರದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲಷ್ಟೇ ಸರಕನ್ನು ಬದಲಿಸಿದೆ. ಆ ಹದಿನೆಂಟು ವರ್ಷಗಳಲ್ಲಿ ನಾನು ದಾನವನ್ನೇನೂ ನಿಲ್ಲಿಸಿರಲಿಲ್ಲ. ಆದರೆ ಆ ದಾನ ಯಾವ ತೊಟ್ಟಿಲನ್ನೂ ಶುದ್ಧಗೊಳಿಸಲಿಲ್ಲ.

2013ರ ಕಂಪನಿ ಕಾಯಿದೆಯು ದೊಡ್ಡ ಸಂಸ್ಥೆಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕೆಂದು ವಿಧಿಸಿದೆ. ಇದು ಸ್ವಾಗತಾರ್ಹ. ಉಳಿದ ಶೇಕಡಾ 98 ಯಾವ ಮಾರ್ಗದಿಂದ ಬಂದಿತೆಂದು ಆ ವಿಧಿ ಕೇಳುವುದಿಲ್ಲ. ನ್ಯಾಯೋಪಾತ್ತ ಧನ, ಅಂದರೆ ನ್ಯಾಯದಿಂದ ಗಳಿಸಿದ ಹಣ, ಸದ್ಗೃಹಸ್ಥನ ಮೊದಲ ಲಕ್ಷಣವೆಂದು ಪಂಡಿತ ಆಶಾಧರರು ಹದಿಮೂರನೆಯ ಶತಮಾನದಲ್ಲಿಯೇ ‘ಸಾಗಾರಧರ್ಮಾಮೃತ’ದಲ್ಲಿ ಎಣಿಸಿದ್ದಾರೆ. ದಾನದ ಮಾತು ಅದರ ನಂತರದ್ದು. ವ್ಯಾಪಾರಿ ಬಂಧುಗಳು ಈ ವರ್ಷದ ಲೆಕ್ಕ ಮುಗಿಸುವಾಗ ತಮ್ಮ ದಾಸ್ತಾನಿನ ಪಟ್ಟಿಯನ್ನು ಒಮ್ಮೆ ಈ ದೃಷ್ಟಿಯಿಂದ ನೋಡಬೇಕೆಂದು ಬಿನ್ನಹ. ಕಾನೂನು ಬರುವವರೆಗೆ ನಾನು ಕಾದಂತೆ ಅವರು ಕಾಯದಿರಲಿ.