ಕಡಲು ಬಾಗಿಲು ಹಾಕುತ್ತಿದ್ದ ಕಾಲ: ಮುಂಬೈ, ಮಂಗಳೂರು ಮತ್ತು ಮಳೆಗಾಲದ ಸಮುದ್ರ

ಪೊವೈ, ಐರೋಲಿ, ಗೋರೆಗಾಂವ್ ಕಡೆ ಐಟಿ ಕೆಲಸ ಮಾಡುವ ನಮ್ಮವರಿಗೆ ಸಮುದ್ರ ಅಂದ್ರೆ ಏನು? ಶನಿವಾರ ಸಂಜೆಯ ಮರೀನ್ ಡ್ರೈವ್. ಜುಲೈನಲ್ಲಿ ಅಲೆ ಕಟ್ಟೆ ಹಾರಿ ರಸ್ತೆಗೆ ಬಿದ್ದರೆ ಒಂದು ರೀಲ್. ಊರಿಗೆ ಹೋಗೋಕೆ ಮತ್ಸ್ಯಗಂಧ ಇದೆ, ಸ್ಲೀಪರ್ ಬಸ್ ಇದೆ, ಫ್ಲೈಟ್ ಇದೆ. ಆದರೆ ನಮಗಿಂತ ಎರಡು ಮೂರು ತಲೆಮಾರು ಮುಂಚೆ ಈ ಊರಿಗೆ ಬಂದ ಕರಾವಳಿಯ ಎಷ್ಟೋ ಕನ್ನಡಿಗರಿಗೆ, ತುಳುವರಿಗೆ ಆ ಸಮುದ್ರವೇ ರಸ್ತೆ. ಅದೂ ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಮುಚ್ಚಿರುತ್ತಿದ್ದ ರಸ್ತೆ. ಆ ರಸ್ತೆ ಯಾಕೆ ಮುಚ್ಚುತ್ತಿತ್ತು, ಈಗ ಅದನ್ನ ಯಾರು ಮುಚ್ಚುತ್ತಾರೆ, ಇದು ಇವತ್ತಿನ ಮಾತು.

ಒಂದೇ ಸಮುದ್ರ, ಬೇರೆ ಬೇರೆ ನೀರು

ಮೊದಲು ನೀರಿನ ಲೆಕ್ಕ ನೋಡೋಣ. ಡಿಸೆಂಬರ್, ಜನವರಿಯಲ್ಲಿ ಮುಂಬೈ ಎದುರಿನ ಕಡಲು ಶಾಂತ. ಮೇಲ್ಮೈ ನೀರು ಸುಮಾರು 25 ಡಿಗ್ರಿಯಷ್ಟು ತಣ್ಣಗಿರುತ್ತೆ. ಆಗ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ, ಅಂದರೆ ಕೇರಳ, ಮಂಗಳೂರು, ಕಾರವಾರ ದಾಟಿ ಈ ಕಡೆಗೆ ಹರಿಯುತ್ತೆ. ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಕೂಡ ಲಂಕೆಯನ್ನು ಸುತ್ತಿಕೊಂಡು ಅದರ ಜೊತೆ ಬರುತ್ತೆ. ಮೇ ಹೊತ್ತಿಗೆ ನೀರು 30 ಡಿಗ್ರಿ ಆಸುಪಾಸು ಕಾಯುತ್ತೆ. ಜೂನ್‌ನಲ್ಲಿ ನೈಋತ್ಯ ಗಾಳಿ ಎದ್ದರೆ ಎಲ್ಲ ಉಲ್ಟಾ: ಪ್ರವಾಹ ದಕ್ಷಿಣಕ್ಕೆ ತಿರುಗುತ್ತೆ, ಹೊರಗಡಲಿನಲ್ಲಿ ಮೂರು ನಾಲ್ಕು ಮೀಟರ್ ಅಲೆ ಸಾಮಾನ್ಯವಾಗುತ್ತೆ, ದಡದ ನೀರು ಕೆಸರು ಬಣ್ಣಕ್ಕೆ ಬರುತ್ತೆ.

ಇಲ್ಲಿ ಊರಿಗೂ ಮುಂಬೈಗೂ ಒಂದು ವ್ಯತ್ಯಾಸ ಇದೆ. ಮಳೆಗಾಲದಲ್ಲಿ ಕೇರಳ, ಕರ್ನಾಟಕದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುತ್ತೆ. ಅದರಲ್ಲಿ ಆಮ್ಲಜನಕ ಕಡಿಮೆ, ಪೋಷಕಾಂಶ ಜಾಸ್ತಿ. ಮಳೆ ಮುಗಿದ ಮೇಲೆ ಬಂಗುಡೆ, ಭೂತಾಯಿ ಮೀನಿನ ಸುಗ್ಗಿಗೆ ಆ ಪೋಷಕಾಂಶವೇ ಮೂಲ. ಮುಂಬೈ ಎದುರು ಈ ಆಟ ದುರ್ಬಲ. ಇಲ್ಲಿ ರಾಜ್ಯ ಆಳೋದು ಉಬ್ಬರ-ಇಳಿತ. ಮಲ್ಪೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ಒಳಗಿನ ಅಂತರ. ಮುಂಬೈಯಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ಅದು ಐದು ಮೀಟರ್ ಹತ್ತಿರ ಹೋಗಬಹುದು. ಕಾರಣ, ಇಲ್ಲಿ ದಡದಿಂದ ಸುಮಾರು 300 ಕಿಲೋಮೀಟರ್ ತನಕ ಸಮುದ್ರದ ತಳ ಆಳವಿಲ್ಲದೆ ಚಾಚಿಕೊಂಡಿದೆ. ಅದರ ಮೇಲೆ, ಕಡಲು ಖಂಬಾತ್ ಕೊಲ್ಲಿಯ ಕಡೆಗೆ ಕೊಳವೆಯ ಹಾಗೆ ಕಿರಿದಾಗುತ್ತಾ ಹೋಗುತ್ತೆ. ವರ್ಸೋವಾ, ಉತ್ತನ್ ಕಡೆಯ ಕೋಳಿಗರು ಬೊಂಬಿಲ್ ಹಿಡಿಯುವ ಡೋಲ್ ಬಲೆ ನಡೆಯೋದೇ ಈ ಸೆಳೆತದಿಂದ: ಚೀಲದಂಥ ಬಲೆಯನ್ನು ಒಂದೇ ಕಡೆ ಕಟ್ಟಿಬಿಟ್ಟರೆ ನೀರೇ ಮೀನನ್ನು ತಂದು ತುಂಬುತ್ತೆ.

ಇನ್ನೊಂದು ವಿಷಯ ನೆನಪಿಡಿ. ಮುಂಬೈಯಲ್ಲಿ ಮಳೆಗಾಲದ ದೊಡ್ಡ ಉಬ್ಬರಗಳು ಬರೋದು ಮಧ್ಯಾಹ್ನದ ಆಸುಪಾಸು. ಚಳಿಗಾಲದಲ್ಲಿ ಅಂಥವು ಮಧ್ಯರಾತ್ರಿ ಬಂದು ಹೋಗುತ್ತವೆ, ನಾವು ನೋಡೋದೇ ಇಲ್ಲ. ಇದು ಮುಂದೆ ಬೇಕಾಗುತ್ತೆ.

ಅಳಿವೆ ಬಾಗಿಲು

ಈ ಕಡಲಿಗೆ ಕ್ಯಾಲೆಂಡರ್ ಇದೆ ಅನ್ನೋದು ಹಳೇ ತಿಳುವಳಿಕೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ವರ್ತಕರ ಕೈಪಿಡಿ, ಈಜಿಪ್ಟಿನಿಂದ ಭಾರತಕ್ಕೆ ಹೊರಡಲು ಜುಲೈ ಸರಿಯಾದ ಕಾಲ ಅನ್ನುತ್ತೆ. ಲೆಕ್ಕ ಏನಂದ್ರೆ, ಹಡಗು ನಮ್ಮ ದಡ ಮುಟ್ಟುವಾಗ ಮಳೆಗಾಲದ ಸಿಟ್ಟು ಇಳಿದಿರಬೇಕು. ಅದೇ ಪುಸ್ತಕದಲ್ಲಿ ನಮ್ಮ ಕಲ್ಯಾಣದ ಹೆಸರೂ ಇದೆ. ಹೌದು, ಲೋಕಲ್ ಟ್ರೈನಿನ ಕಲ್ಯಾಣ!

ಮುಂಬೈ ದೊಡ್ಡ ಊರಾಗೋಕೂ ಈ ಋತುವೇ ಒಂದು ಕಾರಣ. ಇದರ ಬಂದರು ದ್ವೀಪದ ಪೂರ್ವಕ್ಕಿದೆ, ನೈಋತ್ಯ ಗಾಳಿಗೆ ಬೆನ್ನು ಕೊಟ್ಟು ಕೂತಿದೆ. ದೊಡ್ಡ ಹಡಗುಗಳಿಗೆ ಮಳೆಗಾಲದಲ್ಲೂ ಅಲ್ಲಿ ಆಸರೆ. ಆದರೆ ಕೊಂಕಣ, ಕೆನರಾದ ಸಣ್ಣ ಬಂದರುಗಳಿಗೆ ಆ ಭಾಗ್ಯ ಇರಲಿಲ್ಲ. ಅವು ನದಿಯ ಬಾಯಲ್ಲಿದ್ದವು. ಮಂಗಳೂರಿನ ಹಳೇ ಬಂದರನ್ನೇ ತಗೊಳ್ಳಿ: ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆ, ಎದುರಿಗೆ ಮರಳಿನ ದಿಬ್ಬ. ಸ್ಟೀಮರ್ ಒಳಗೆ ಬರೋ ಹಾಗಿಲ್ಲ, ಹೊರಗೇ ಲಂಗರು ಹಾಕಬೇಕು, ಜನ ದೋಣಿಯಲ್ಲಿ ಹೋಗಿ ಹತ್ತಬೇಕು. ಜೂನ್‌ನಲ್ಲಿ ಅಲೆಗಳು ಆ ದಿಬ್ಬದ ಮೇಲೆ ಒಡೆಯೋಕೆ ಶುರುವಾದರೆ ದೋಣಿ ದಾಟೋದು ಹೇಗೆ? ನಮ್ಮ ಕಡೆ ಅದಕ್ಕೆ 'ಅಳಿವೆ ಬಾಗಿಲು' ಅಂತಲೇ ಹೆಸರು. ಮಳೆಗಾಲದಲ್ಲಿ ಆ ಬಾಗಿಲು ಬಂದ್.

ಹಾಗಾಗಿ ಮುಂಬೈ ಕಡೆಗಿನ ಸ್ಟೀಮರ್ ಓಡಾಟ ಮಳೆ ಬರುವ ಮುಂಚೆ ನಿಂತು, ಮಳೆ ಇಳಿದ ಮೇಲೆ ಶುರುವಾಗುತ್ತಿತ್ತು. ತುಳುನಾಡಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆ ಬರೋದು ಮೇ ಕೊನೆಯಲ್ಲಿ. ಕಡಲಿನ ಬಾಗಿಲು ಮುಚ್ಚೋದೂ ಅದೇ ಆಸುಪಾಸು. ಆಮೇಲೆ ಹೊರಟವರಿಗೆ ಘಟ್ಟ ಹತ್ತಿ ರೈಲು ಹಿಡಿಯಬೇಕು, ಇಲ್ಲಾ 1907ರಲ್ಲಿ ಮಂಗಳೂರಿಗೆ ಬಂದ ಮದರಾಸು ಕಡೆಯ ರೈಲಿನಲ್ಲಿ ಅರ್ಧ ದೇಶ ಸುತ್ತಬೇಕು. ಆಟಿ ತಿಂಗಳಲ್ಲಿ ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತ ಸುದ್ದಿ ಬಂದರೆ, ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ ಮಾಡೋ ಹುಡುಗನ ಪಾಡು ನೀವೇ ಊಹಿಸಿ. ಈ ಜನ ಮುಂಬೈಯಲ್ಲಿ ತಮ್ಮವರಿಗೆ ತಾವೇ ಆಸರೆ ಕಟ್ಟಿಕೊಂಡರು. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾಗಿದ್ದು 1902ರಲ್ಲಿ.

ನೀರನ್ನು ಅಳೆದವರು, ತಡೆದವರು

ಅತ್ತ ಬ್ರಿಟಿಷರು ಸಮುದ್ರವನ್ನು ತಡೆಯೋದರಲ್ಲಿ, ಅಳೆಯೋದರಲ್ಲಿ ಇದ್ದರು. ವರ್ಳಿ ಮತ್ತು ಮಹಾಲಕ್ಷ್ಮಿ ನಡುವಿನ ಕಂಡಿಯಲ್ಲಿ ಉಬ್ಬರದ ನೀರು ಒಳನುಗ್ಗಿ ನಡುವಿನ ತಗ್ಗು ನೆಲವನ್ನೆಲ್ಲ ಜೌಗು ಮಾಡುತ್ತಿತ್ತು. ಗವರ್ನರ್ ವಿಲಿಯಂ ಹಾರ್ನ್‌ಬಿ ಕಾಲದಲ್ಲಿ, 1784ರ ಹೊತ್ತಿಗೆ, ಅಲ್ಲಿ ಒಡ್ಡು ಎದ್ದಿತು. 1875ರ ಸಸೂನ್ ಡಾಕ್‌ನಲ್ಲಿ ಗೇಟು ಹಾಕಿ, ಇಳಿತದಲ್ಲೂ ನೀರು ಹೊರಹೋಗದ ಹಾಗೆ ಹಿಡಿದಿಟ್ಟರು. 1878ರಿಂದ ಅಪೋಲೊ ಬಂದರಿನಲ್ಲಿ ನೀರಿನ ಮಟ್ಟದ ದಾಖಲೆ ಶುರುವಾಯಿತು. ಇಡೀ ಹಿಂದೂ ಮಹಾಸಾಗರದ ಅತಿ ದೀರ್ಘ ದಾಖಲೆಗಳಲ್ಲಿ ಅದೂ ಒಂದು. 1879ರಲ್ಲಿ ಭಾರತದ ಬಂದರುಗಳ ಉಬ್ಬರ ಲೆಕ್ಕ ಹಾಕೋಕೆ ಅಂತಲೇ ಲಂಡನ್ನಿನಲ್ಲಿ ಹಿತ್ತಾಳೆ ಚಕ್ರಗಳ ಯಂತ್ರ ತಯಾರಾಯಿತು. ಒಂದು ಥರಾ ಕಂಪ್ಯೂಟರೇ ಅನ್ನಿ, ನಮ್ಮ ವೃತ್ತಿಯ ಪೂರ್ವಜ!

ಉಬ್ಬರವನ್ನು ವರ್ಷ ಮುಂಚೆ ಹೇಳಬಹುದು. ಗಾಳಿ, ಅಲೆಯನ್ನು ಹಾಗೆ ಹೇಳೋಕಾಗಲ್ಲ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳು ಇರುವಾಗ, ಭಾವುಚಾ ಧಕ್ಕಾದಿಂದ ರೇವಸ್‌ಗೆ ಹೊರಟ 'ರಾಮದಾಸ್' ಹಡಗು ಮಗುಚಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಅಮಾವಾಸ್ಯೆಗೆ ಊರಿಗೆ ಹೊರಟವರು ಅದರಲ್ಲಿ ಬಹಳ ಮಂದಿ. ದೂರದ ದಾರಿ ಮಳೆಗಾಲಕ್ಕೆ ಮುಚ್ಚಿದ್ದರೂ, ಹತ್ತಿರದ್ದು ಅಂತ ಈ ದಾರಿ ತೆರೆದೇ ಇತ್ತು.

ಬಾಗಿಲು ಈಗ ಯಾರ ಕೈಯಲ್ಲಿ?

1974ರಲ್ಲಿ ಪಣಂಬೂರಿನ ಹೊಸ ಬಂದರು, 1998ರಲ್ಲಿ ಕೊಂಕಣ ರೈಲು. ಕಡಲು ಮುಚ್ಚಿದರೆ ನಮಗೇನು ಅನ್ನೋ ಕಾಲ ಬಂತು. ಬಾಗಿಲಿನ ನೆನಪು ಉಳಿದದ್ದು ಮೀನುಗಾರರಲ್ಲಿ. ಮುಂಬೈ ಕೋಳಿಗರು ಶ್ರಾವಣದ ನಾರಳಿ ಪೌರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸುತ್ತಾರೆ; ಅದೇ ನೂಲ ಹುಣ್ಣಿಮೆಗೆ ನಮ್ಮ ಮೊಗವೀರರು ಸಮುದ್ರ ಪೂಜೆ ಮಾಡುತ್ತಾರೆ. ಭಾಷೆ ಬೇರೆ, ಕ್ಯಾಲೆಂಡರ್ ಒಂದೇ. ಮಹಾರಾಷ್ಟ್ರದ ಮೀನುಗಾರಿಕೆ ನಿಷೇಧ ಹಿಂದೆ ನಾರಳಿ ಪೌರ್ಣಿಮೆ ಅಥವಾ ಆಗಸ್ಟ್ 15, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಇಡೀ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಅಂತ ಗೊತ್ತು ಮಾಡಿದರು.

ಉಳಿದವರು ಮರೆತರು, ಸಮುದ್ರ ಮರೆಯಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಅದೇ ಮಧ್ಯಾಹ್ನ ಸುಮಾರು ನಾಲ್ಕೂವರೆ ಮೀಟರ್ ಉಬ್ಬರ. ಮುಂಬೈಯ ಎಷ್ಟೋ ಮಳೆನೀರು ಕಾಲುವೆಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಉಬ್ಬರ ಇರುವಷ್ಟು ಹೊತ್ತು ಊರಿನ ನೀರಿಗೆ ಹೊರಗೆ ಹೋಗೋಕೆ ದಾರಿಯೇ ಇಲ್ಲ. ಹಾಜಿ ಅಲಿ, ಇರ್ಲಾದ ದೊಡ್ಡ ಪಂಪುಗಳು ಆಮೇಲೆ ಬಂದವು. ಅಳಿವೆ ಬಾಗಿಲೇ ಇದು, ಈಗ ನಗರದ ಹೊಟ್ಟೆಯೊಳಗಿದೆ, ಅಷ್ಟೇ.

ಇನ್ನೂ ಚಿಂತೆಯ ಮಾತು: ಕ್ಯಾಲೆಂಡರೇ ಅಲುಗಾಡುತ್ತಿದೆ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಮಳೆಗೆ ಮುಂಚಿನ ಚಂಡಮಾರುತಗಳು ಬಲಿಯುತ್ತಿವೆ. 2020ರ ಜೂನ್ 3ಕ್ಕೆ ಅಲಿಬಾಗ್ ಹತ್ತಿರ 'ನಿಸರ್ಗ' ಬಂತು. 2021ರ ಮೇ 17ಕ್ಕೆ 'ತೌಕ್ತೆ'. ಹಳೇ ಲೆಕ್ಕದಲ್ಲಿ ಬಾಗಿಲು ಇನ್ನೂ ತೆರೆದಿರಬೇಕಾದ ದಿನ ಅದು. ಹವಾಮಾನ ಇಲಾಖೆಯ ಎಚ್ಚರಿಕೆ ಮೊದಲೇ ಬಂದಿತ್ತು. ಆದರೂ ಪಿ-305 ಎಂಬ ಬಾರ್ಜ್ ಹೊರಗಡಲಿನಲ್ಲೇ ಉಳಿದು ಮುಳುಗಿತು. ಅದರಲ್ಲಿ ಮತ್ತು ಜೊತೆಗಿದ್ದ ಟಗ್ ದೋಣಿಯಲ್ಲಿ ಸೇರಿ 70ಕ್ಕೂ ಹೆಚ್ಚು ಕೆಲಸಗಾರರು ಸತ್ತರು.

ಹಿಂದೆ ಬಾಗಿಲು ಹಾಕುವ ಕೆಲಸವನ್ನು ಅಲೆಯೇ ಮಾಡುತ್ತಿತ್ತು, ಜನ ಬೈಕೊಂಡಾದರೂ ಒಪ್ಪುತ್ತಿದ್ದರು. ಈಗ ಆ ತೀರ್ಮಾನ ಮನುಷ್ಯರದ್ದು. ಉಪಗ್ರಹ ಇದೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಅಲೆಯ ಮುನ್ಸೂಚನೆ ಕೊಡುತ್ತೆ, ಪಾಲಿಕೆ ದೊಡ್ಡ ಉಬ್ಬರದ ದಿನಗಳನ್ನು ಮಳೆಗಾಲಕ್ಕೆ ಮುಂಚೆಯೇ ಹೇಳುತ್ತೆ. ಕೆಲಸ ನಿಲ್ಲಿಸಿ ಅಂತ ಹೇಳುವವರು ಬೇಕು, ಕೇಳುವವರೂ ಬೇಕು.

ನೀವೂ ಜೂನ್ ಬರುವ ಮುಂಚೆ ಆ ಉಬ್ಬರದ ಪಟ್ಟಿ ಒಮ್ಮೆ ನೋಡಿ. ನಾಲ್ಕೂವರೆ ಮೀಟರ್ ದಾಟುವ ದಿನ ಜೋರು ಮಳೆಯೂ ಇದ್ದರೆ, ಆಫೀಸಿಗೆ ಹೊರಡೋ ಮುಂಚೆ ಎರಡು ಸಲ ಯೋಚಿಸಿ. ಮತ್ತೆ, ನಿಮ್ಮ ಮನೆಯಲ್ಲಿ ಸ್ಟೀಮರ್ ಹತ್ತಿ ಬೊಂಬಾಯಿಗೆ ಬಂದ ಹಿರಿಯರು ಇನ್ನೂ ಇದ್ದರೆ, ಕಡಲು ಮುಚ್ಚಿದ ತಿಂಗಳುಗಳನ್ನು ಹೇಗೆ ಕಳೆದರು ಅಂತ ಕೇಳಿ, ಬರೆದಿಟ್ಟುಕೊಳ್ಳಿ.