ಬ್ರೋ ಲಿಫ್ಟ್: ‘ಬೆಳಿಗ್ಗೆ ಮಾಡಿಸಿ, ಸಂಜೆ ಆರತಕ್ಷತೆಗೆ ಹೋಗಿ’ ಎಂಬುದು ಎಷ್ಟು ನಿಜ?

ಜೋತುಬಿದ್ದ ಹುಬ್ಬನ್ನು ಅರ್ಧ ಗಂಟೆಯಲ್ಲಿ ಮೇಲೆತ್ತುತ್ತೇವೆ, ಕಲೆಯೇ ಉಳಿಯುವುದಿಲ್ಲ, ಅದೇ ದಿನ ಸಮಾರಂಭಕ್ಕೂ ಹೋಗಬಹುದು. ಈ ಧಾಟಿಯ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ‘ಮೊದಲು’ ಮತ್ತು ‘ನಂತರ’ದ ಫೋಟೊ ಅಕ್ಕಪಕ್ಕ ಇರುತ್ತವೆ, ನಡುವಿನ ದಿನಗಳ ಫೋಟೊ ಮಾತ್ರ ಇರುವುದಿಲ್ಲ. ಆ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ನಾವಿಲ್ಲಿ ನೋಡೋಣ.

ಜೋತಿರುವುದು ಹುಬ್ಬೋ, ರೆಪ್ಪೆಯೋ?

ವಯಸ್ಸಾದಂತೆ ಹಣೆಯ ಚರ್ಮ ಸಡಿಲಗೊಂಡು ಹುಬ್ಬು ಕೆಳಗಿಳಿಯುತ್ತದೆ. ಆದರೆ ‘ಕಣ್ಣು ಭಾರ’ ಎನ್ನುವ ಹಲವರಲ್ಲಿ ತೊಂದರೆ ಇರುವುದು ಮೇಲ್ರೆಪ್ಪೆಯ ಹೆಚ್ಚುವರಿ ಚರ್ಮದಲ್ಲಿ. ಎರಡಕ್ಕೂ ಶಸ್ತ್ರಚಿಕಿತ್ಸೆ ಬೇರೆ ಬೇರೆ. ಹುಬ್ಬು ಇಳಿದಿರುವಾಗ ರೆಪ್ಪೆಯ ಚರ್ಮವನ್ನಷ್ಟೇ ಕತ್ತರಿಸಿದರೆ ಹುಬ್ಬು ಇನ್ನಷ್ಟು ಕೆಳಗೆ ಬರಬಹುದು.

ಕನ್ನಡಿ ಮುಂದೆ ಕಣ್ಣು ಮುಚ್ಚಿ, ಹಣೆಯನ್ನು ಸಡಿಲ ಬಿಟ್ಟು, ನಿಧಾನವಾಗಿ ಕಣ್ಣು ತೆರೆಯಿರಿ. ಹುಬ್ಬಿನ ಕೆಳಗಿನ ಮೂಳೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಸಾಮಾನ್ಯವಾಗಿ ಮಹಿಳೆಯರ ಹುಬ್ಬು ಆ ಅಂಚಿಗಿಂತ ತುಸು ಮೇಲೆ, ಪುರುಷರದು ಹೆಚ್ಚುಕಡಿಮೆ ಅಂಚಿನ ಮೇಲೆಯೇ ಇರುತ್ತದೆ. ಇದು ರೋಗನಿರ್ಣಯವಲ್ಲ, ವೈದ್ಯರನ್ನು ಸರಿಯಾದ ಪ್ರಶ್ನೆ ಕೇಳಲು ಒಂದು ದಾರಿ ಅಷ್ಟೆ.

ಒಂದೇ ಬದಿಯ ಹುಬ್ಬು ಅಥವಾ ರೆಪ್ಪೆ ದಿಢೀರನೆ ಇಳಿದರೆ ಸೌಂದರ್ಯದ ಮಾತು ಬಿಡಿ. ಬಾಯಿ ಸೊಟ್ಟಗಾದರೆ, ಕೈ ಬಲ ಕಳೆದುಕೊಂಡರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಈಗ ಹೆಚ್ಚು ಬಳಕೆಯಲ್ಲಿರುವುದು ಎಂಡೋಸ್ಕೋಪ್ ವಿಧಾನ. ಕೂದಲಿನೊಳಗೆ ಕೆಲವು ಸಣ್ಣ ಗಾಯ ಮಾಡಿ, ಕ್ಯಾಮೆರಾ ತೂರಿಸಿ, ಹಣೆಯ ಅಂಗಾಂಶವನ್ನು ಬಿಡಿಸಿ ಮೇಲಕ್ಕೆ ಕೂರಿಸುತ್ತಾರೆ. ಹಳೆಯ ವಿಧಾನದಲ್ಲಿ ಗಾಯ ನೆತ್ತಿಯ ಮೇಲೆ ಒಂದು ಕಿವಿಯ ಕಡೆಯಿಂದ ಇನ್ನೊಂದು ಕಿವಿಯ ಕಡೆಗೆ ಹಾಯುತ್ತದೆ. ಎರಡರಲ್ಲೂ ಕೂದಲಿನ ಗೆರೆ ತುಸು ಹಿಂದೆ ಸರಿಯಬಹುದು. ಮೊದಲೇ ಹಣೆ ಅಗಲವಿರುವವರು ಇದನ್ನು ಕೇಳಿ ತಿಳಿಯಬೇಕು. ಅರಿವಳಿಕೆ ಬೇಕು, ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಕಲೆ ಕೂದಲಲ್ಲಿ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಆ ಎರಡು ವಾರ

ಮೊದಲ ಎರಡು ಮೂರು ದಿನ ಬಾವು ಏರುತ್ತದೆ. ಅದು ಹಣೆಯಿಂದ ಕಣ್ಣಿನ ಸುತ್ತ, ಕೆನ್ನೆಗೂ ಇಳಿಯುತ್ತದೆ, ರೆಪ್ಪೆ ನೀಲಿಗಟ್ಟುತ್ತದೆ. ಎರಡು ದಿಂಬಿಟ್ಟು ತಲೆ ಎತ್ತರದಲ್ಲಿ ಮಲಗಬೇಕು. ಏಳರಿಂದ ಹತ್ತು ದಿನಕ್ಕೆ ಹೊಲಿಗೆ ತೆಗೆಯುತ್ತಾರೆ, ಕುಳಿತು ಮಾಡುವ ಕೆಲಸಕ್ಕೆ ಹೆಚ್ಚಿನವರು ಆ ಹೊತ್ತಿಗೆ ಮರಳುತ್ತಾರೆ. ಭಾರ ಎತ್ತುವುದು, ಜಿಮ್ ಕೆಲವು ವಾರ ಬೇಡ. ನೆತ್ತಿಯ ಜೋಮು, ತುರಿಕೆ ತಿಂಗಳುಗಟ್ಟಲೆ ಉಳಿಯಬಹುದು. ಮೊದಮೊದಲು ಹುಬ್ಬು ಅತಿಯಾಗಿ ಮೇಲೇರಿ ಸದಾ ಬೆರಗುಗೊಂಡಂತೆ ಕಾಣುವುದೂ ಇದೆ. ಬಾವು ಇಳಿದಂತೆ ಅದು ತಗ್ಗುತ್ತದೆ. ಸಂಜೆಯ ಆರತಕ್ಷತೆ ಇದರಲ್ಲಿ ಎಲ್ಲಿ ಬಂತು?

ರಕ್ತಸ್ರಾವ, ಸೋಂಕು, ಗಾಯದ ಬಳಿ ಕೂದಲು ಉದುರುವುದು, ಎರಡು ಹುಬ್ಬು ಸಮವಾಗದಿರುವುದು ಇದರ ಅಪಾಯಗಳು. ಹಣೆಯ ನರಕ್ಕೆ ಪೆಟ್ಟಾಗಿ ಹುಬ್ಬು ಏರಿಸಲಾಗದಿರುವುದು ಅಪರೂಪ, ಆದರೆ ಅದೇ ಎಲ್ಲಕ್ಕಿಂತ ಗಂಭೀರ. ಆಸ್ಪಿರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಲೂಬಾರದು. ಧೂಮಪಾನ ಗಾಯ ಮಾಯುವುದನ್ನು ತಡಮಾಡುತ್ತದೆ.

ಹಾಗಾದರೆ ಹರಳೆಣ್ಣೆ, ಬೊಟಾಕ್ಸ್, ದಾರ?

ಹರಳೆಣ್ಣೆ ತಿಕ್ಕಿದರೆ ಹುಬ್ಬು ಮಿನುಗೀತು, ಮೇಲೇರದು. ಬೊಟಾಕ್ಸ್ ಹುಬ್ಬನ್ನು ಕೆಳಗೆಳೆಯುವ ಸ್ನಾಯುವನ್ನು ಸಡಿಲಿಸಿ ತುಸು ಎತ್ತುತ್ತದೆ, ಪರಿಣಾಮ ಮೂರ್ನಾಲ್ಕು ತಿಂಗಳು. ಚರ್ಮದಡಿ ದಾರ ಎಳೆಯುವ ಥ್ರೆಡ್ ಲಿಫ್ಟ್ ಕೂಡ ತಾತ್ಕಾಲಿಕ. ಫಾರ್ವರ್ಡ್‌ಗಳು ಬಹುಶಃ ಈ ಚುಚ್ಚುಮದ್ದು, ದಾರಗಳ ಚೇತರಿಕೆಯ ವೇಗವನ್ನು ಶಸ್ತ್ರಚಿಕಿತ್ಸೆಯ ಫಲಿತಾಂಶಕ್ಕೆ ಅಂಟಿಸುತ್ತವೆ.

ಯಾರ ಬಳಿ ಹೋಗಬೇಕು?

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ ಕೇಳಿ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಕ್ಕೆ ಕೆಪಿಎಂಇ ಕಾಯ್ದೆಯಡಿ ನೋಂದಣಿ ಕಡ್ಡಾಯ. ಪ್ರಮಾಣಪತ್ರ ತೋರಿಸಿ ಎನ್ನಲು ಸಂಕೋಚ ಬೇಡ. ಅರಿವಳಿಕೆ ಕೊಡುವವರು ಯಾರು, ರಾತ್ರಿ ರಕ್ತ ಸೋರಿದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಮುಂಗಡ ಕೊಡುವ ಮೊದಲೇ ಕೇಳಿ. ಬರೀ ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಆರೋಗ್ಯ ವಿಮೆ ಸಿಗುವುದಿಲ್ಲ.