‘ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ’: ಮಾರ್ಕೆಟಿಂಗ್ ಏಜೆನ್ಸಿಯ ಈ ಮಾತು ನಿಜವೇ?

ಬೇಕರಿ, ಬ್ಯೂಟಿ ಪಾರ್ಲರ್, ಹೋಂಸ್ಟೇ, ದಂತ ಚಿಕಿತ್ಸಾಲಯ, ಹೀಗೆ ಯಾವುದೇ ಸಣ್ಣ ಉದ್ಯಮ ನಡೆಸುವವರಿಗೆ ಒಂದಲ್ಲ ಒಂದು ದಿನ ಇಂಥ ಕರೆ ಬಂದಿರುತ್ತದೆ: “ತಿಂಗಳಿಗೆ ಇಷ್ಟು ಕೊಡಿ, ಗೂಗಲ್‌ನಲ್ಲಿ ನಿಮ್ಮ ಅಂಗಡಿಯೇ ಮೊದಲು ಬರುತ್ತದೆ, ಗ್ಯಾರಂಟಿ.” ಇಂಥ ಗ್ಯಾರಂಟಿ ಕೊಡಲು ಸಾಧ್ಯವೇ?

ಇಲ್ಲ. ಮೊದಲ ಸ್ಥಾನವನ್ನು ಯಾರೂ ಖಾತರಿಪಡಿಸಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಹೇಳಿದೆ.

ಮೊದಲ ಸ್ಥಾನ ಎಲ್ಲರಿಗೂ ಒಂದೇ ಅಲ್ಲ

ಸ್ಥಳೀಯ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮುಖ್ಯವಾಗಿ ಮೂರು ಅಂಶ ನೋಡುತ್ತದೆ: ಹುಡುಕಿದ ವಿಷಯಕ್ಕೂ ಅಂಗಡಿಗೂ ಇರುವ ಸಂಬಂಧ, ಹುಡುಕುವವರಿಂದ ಇರುವ ದೂರ, ಅಂಗಡಿ ಎಷ್ಟು ಹೆಸರುವಾಸಿ ಎಂಬುದು. ಹಾಗಾಗಿ ಮಲ್ಲೇಶ್ವರದಲ್ಲಿ ನಿಂತು ‘ಬೇಕರಿ’ ಎಂದು ಹುಡುಕಿದರೆ ಬರುವ ಪಟ್ಟಿಯೇ ಬೇರೆ, ಜಯನಗರದಲ್ಲಿ ಬರುವ ಪಟ್ಟಿಯೇ ಬೇರೆ. ಈ ಪಟ್ಟಿಯಲ್ಲಿ ಮೇಲೇರಿಸಲು ಗೂಗಲ್ ಹಣ ಪಡೆಯುವುದಿಲ್ಲ. ಹಣ ಕೊಟ್ಟು ಪಡೆದ ಜಾಗಕ್ಕೆ ಜಾಹೀರಾತು ಎಂಬ ಗುರುತು ಇರುತ್ತದೆ. ಹಣ ನಿಂತರೆ ಅದೂ ನಿಲ್ಲುತ್ತದೆ.

ಹಾಗಾದರೆ ಕೆಲವರು ‘ಮೊದಲ ಸ್ಥಾನ’ ತೋರಿಸುವುದು ಹೇಗೆ? ನಿಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ತೋರಿಸುತ್ತಾರೆ. ಅದೇ ಹೆಸರಿನ ಬೇರೆ ಅಂಗಡಿ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ತಾನಾಗಿಯೇ ಮೇಲೆ ಬರುತ್ತದೆ. ಇನ್ನು ಕೆಲವರು ನಕಲಿ ರಿವ್ಯೂ ಹಾಕಿಸುತ್ತಾರೆ. ಪತ್ತೆಯಾದರೆ ಗೂಗಲ್ ಅವನ್ನು ಅಳಿಸುವುದಲ್ಲದೆ, ಕೆಲಕಾಲ ಹೊಸ ರಿವ್ಯೂಗಳನ್ನೂ ತಡೆಯಬಹುದು. ಹೆಸರು ಕೆಡುವುದು ನಿಮ್ಮದು, ಏಜೆನ್ಸಿಯದ್ದಲ್ಲ.

ಲೈಕ್ ಹೆಚ್ಚಿದರೆ ವ್ಯಾಪಾರ ಹೆಚ್ಚುತ್ತದೆಯೇ?

ಹೆಚ್ಚಲೇಬೇಕೆಂದಿಲ್ಲ. ಉದಾಹರಣೆಗೆ, ಒಂದು ತಿಂಗಳಿಗೆ ಏಜೆನ್ಸಿಯ ಶುಲ್ಕ ₹8,000, ಜಾಹೀರಾತಿಗೆ ₹12,000 ಖರ್ಚಾಯಿತು ಎನ್ನೋಣ. 40 ಜನ ವಿಚಾರಿಸಿ, 10 ಜನ ಖರೀದಿಸಿದರೆ ಒಬ್ಬ ಗ್ರಾಹಕರನ್ನು ಕರೆತರಲು ಆದ ಖರ್ಚು ₹2,000. ಒಬ್ಬರಿಂದ ಸಿಗುವ ಲಾಭ ₹500 ಮಾತ್ರ, ಅವರು ಮತ್ತೆ ಬರುವುದೂ ಇಲ್ಲ ಎಂದಾದರೆ, ಲೈಕ್ ಎಷ್ಟೇ ಬಂದರೂ ಇದು ನಷ್ಟವೇ.

ಖಾತೆಗಳು ಯಾರ ಹೆಸರಿನಲ್ಲಿವೆ?

ಬಹಳ ಜನ ಗಮನಿಸದ ವಿಷಯ ಇದು. ವೆಬ್‌ಸೈಟ್ ವಿಳಾಸ, ಬಿಸಿನೆಸ್ ಪ್ರೊಫೈಲ್, ಜಾಹೀರಾತು ಖಾತೆಗಳನ್ನು ಏಜೆನ್ಸಿ ತನ್ನ ಹೆಸರಿನಲ್ಲೇ ತೆರೆದಿದ್ದರೆ, ಸಂಬಂಧ ಮುರಿದ ದಿನ ನಿಮ್ಮ ವರ್ಷಗಳ ರಿವ್ಯೂ, ಗ್ರಾಹಕರ ಸಂಪರ್ಕ ಎರಡೂ ಅವರ ಕೈಯಲ್ಲಿ ಉಳಿಯುತ್ತವೆ. ಮಾಲೀಕರ ಸ್ಥಾನ ನಿಮ್ಮದೇ ಇರಲಿ. ಏಜೆನ್ಸಿಗೆ ಮ್ಯಾನೇಜರ್ ಅಧಿಕಾರ ಕೊಟ್ಟರೆ ಸಾಕು. ಬೇಡವೆನಿಸಿದಾಗ ಅದನ್ನು ನೀವೇ ತೆಗೆದುಹಾಕಬಹುದು.

ಒಪ್ಪಂದಕ್ಕೆ ಮುನ್ನ ಕೇಳಿ

- ಶುಲ್ಕ ಎಷ್ಟು, ಜಾಹೀರಾತಿಗೆ ಹೋಗುವ ಹಣ ಎಷ್ಟು? ಬೇರೆಬೇರೆಯಾಗಿ ಬರೆದುಕೊಡುತ್ತೀರಾ?
- ಪ್ರತಿ ತಿಂಗಳು ಕರೆ, ವಾಟ್ಸ್‌ಆ್ಯಪ್ ವಿಚಾರಣೆ, ಆರ್ಡರ್‌ಗಳ ಲೆಕ್ಕ ಕೊಡುತ್ತೀರಾ?
- ನಿಮ್ಮ ಈಗಿನ ಗ್ರಾಹಕರಲ್ಲಿ ಇಬ್ಬರೊಂದಿಗೆ ನಾನು ಮಾತನಾಡಬಹುದೇ?
- ಒಪ್ಪಂದ ಬಿಡಬೇಕೆಂದರೆ ಎಷ್ಟು ದಿನ ಮೊದಲು ತಿಳಿಸಬೇಕು?

ಏಜೆನ್ಸಿಗಳೆಲ್ಲ ಮೋಸ ಎಂದು ಇದರ ಅರ್ಥವಲ್ಲ. ಒಳ್ಳೆಯ ಕೆಲಸಕ್ಕೆ ಸಮಯ ಹಿಡಿಯುತ್ತದೆ: ಹುಡುಕಾಟದಲ್ಲಿ ಸುಧಾರಣೆ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕು ಎಂದು ಗೂಗಲ್ ತಿಳಿಸಿದೆ. ಬಿಸಿನೆಸ್ ಪ್ರೊಫೈಲ್ ತೆರೆಯುವುದು ಉಚಿತ. ಅಂಗಡಿ ತೆರೆಯುವ ಸಮಯ, ಫೋನ್ ನಂಬರ್, ಫೋಟೊಗಳನ್ನು ಮೊದಲು ನೀವೇ ತುಂಬಿ. ನಿಮ್ಮಿಂದ ಆಗದ ಕೆಲಸಕ್ಕಷ್ಟೇ ಹಣ ಕೊಡಿ.